ಮೊಣಕಾಲೆತ್ತರದ ಹುಲ್ಲು

ಆ ದಿನ ಹೊಸದುರ್ಗದ ಕೊನೇ ಟ್ರಿಪ್ಪು ರದ್ದಾಗಿ ನೇತ್ರಾವತಿ ಹೊತ್ತು ಮುಳುಗುವ ಮೊದಲೇ ಮನೆಗೆ ಬಂದಳು. ಇಲ್ಲದಿದ್ದರೆ ಅವಳಿಗೆ ವಿಷಯ ಗೊತ್ತಾಗುತ್ತಲೇ ಇರಲಿಲ್ಲ. ಹಿರಿಯೂರು ಡಿಪೋದಲ್ಲಿ ಅವಳು ಕಂಡಕ್ಟರ್. ಟಿಕೆಟ್ ಮಿಷಿನ್ನು, ಚೀಲ ಎಲ್ಲ ಒಪ್ಪಿಸಿ ಆಟೋ ಹಿಡಿದು ಬರುವಷ್ಟರಲ್ಲಿ ದಿನಾ ಕತ್ತಲಾಗಿರುತ್ತಿತ್ತು.

ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಅವಳು ಮನೆಯ ಪಕ್ಕದಿಂದ ಸುತ್ತಿಕೊಂಡು ಹಿತ್ತಿಲಿಗೆ ಹೋದಳು. ಹಿಂಬಾಗಿಲ ಮೆಟ್ಟಿಲ ಮೇಲೆ ಅತ್ತೆ ಗಂಗಕ್ಕನ ಚಪ್ಪಲಿಗಳು ಜೋಡಿಸಿಟ್ಟಂತೆ ಇದ್ದವು. ಗಂಗಕ್ಕ ಹುಲ್ಲಿನ ನಡುವೆ ಇದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಕಾಂಪೌಂಡಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಯುತ್ತಿದ್ದಳು. ಏನನ್ನೋ ಹುಡುಕುವವರು ಬಗ್ಗಿ ನೋಡುತ್ತಾರೆ. ಗಂಗಕ್ಕ ಕೆಳಗೆ ನೋಡುತ್ತಲೇ ಇರಲಿಲ್ಲ. ನಿಂಬೆಗಿಡದ ಹತ್ತಿರ ಹೋಗಿ ನಿಂತಳು. ನಿಂತೇ ಇದ್ದಳು. ಸೊಳ್ಳೆ ಮುತ್ತಿದರೂ ಕೈ ಎತ್ತಲಿಲ್ಲ.

ನೇತ್ರಾವತಿ ಕೂಗಲು ಹೋದವಳು ಕೂಗಲಿಲ್ಲ. ಅತ್ತೆ ಬೆಚ್ಚಿಬಿದ್ದು ಹೆಜ್ಜೆ ತಪ್ಪಿದರೆ ಎಂದು ಹೆದರಿದಳು. ತಿರುಗಿ ಮುಂದಕ್ಕೆ ಬಂದು ಬಾಗಿಲು ಬಡಿದಳು. ಮೂರನೇ ಕ್ಲಾಸಿನ ಮಗಳು ಅಂಜಲಿ ಸ್ಟೂಲಿನ ಮೇಲೆ ಹತ್ತಿ ಚಿಲಕ ತೆಗೆದಳು.

"ಅಜ್ಜಿ ಎಲ್ಲವ್ವ?"

"ಹಿತ್ತಿಲಾಗೆ. ದಿನಾ ಹಂಗೇ ಹೋಗ್ತಾಳೆ. ನೀನು ಬಾಗ್ಲು ಹಾಕ್ಕಂಡು ಒಳಗೇ ಇರು, ನಾನು ಕರೆದ್ರೂ ಬರಬ್ಯಾಡ ಅಂತಾಳೆ."

ನೇತ್ರಾವತಿ ಯೂನಿಫಾರ್ಮಿನಲ್ಲೇ ಹಾಲ್‌ನ ನೆಲದ ಮೇಲೆ ಕುಳಿತಳು. ಮಗಳಿಗೆ ಏನೂ ಅರ್ಥವಾಗಿರಲಿಲ್ಲ ಎಂಬುದೊಂದೇ ಅವಳಿಗೆ ಸಿಕ್ಕ ಸಮಾಧಾನ.

ಗಂಗಕ್ಕ ಅವಳಿಗೆ ಅತ್ತೆಯಾಗಿದ್ದು ಮದುವೆಯಿಂದಷ್ಟೇ ಅಲ್ಲ; ಹುಟ್ಟಿನಿಂದಲೇ ಸೋದರತ್ತೆ, ಅಪ್ಪನ ಅಕ್ಕ. ಬಾಗೂರಿನ ಹತ್ತಿರದ ಹಟ್ಟಿಯಲ್ಲಿ ಗಂಗಕ್ಕ ಕುರಿಮಂದೆಯೊಂದಿಗೇ ಬಾಳಿದವಳು. ಗಂಡ ಬೇಗ ಹೋದ ಮೇಲೆ ಒಬ್ಬಳೇ ಮಂದೆ ಕಾಯ್ದು ಮಗನನ್ನು ಓದಿಸಿದಳು. ಆ ಮಗ, ನೇತ್ರಾವತಿಯ ಕೈಹಿಡಿದ ಗೋವರ್ಧನನಿಗೆ ಮಾರಿಕಣಿವೆ ಡ್ಯಾಮಿನ ಕಡೆ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಕಾಲುವೆಯ ತೂಬುಗಳನ್ನು ತೆಗೆದು ಮುಚ್ಚುವ ಕೆಲಸ. ಹಿರಿಯೂರಿನ ಹೊರಗೆ, ಡ್ಯಾಮಿಗೆ ಹೋಗುವ ರಸ್ತೆಯ ಪಕ್ಕ ಸೈಟು ತಗೊಂಡು ಮನೆ ಕಟ್ಟಿದ. ಮನೆಗಿಂತ ಹಿತ್ತಿಲು ದೊಡ್ಡದು. ಕಾಕಡ, ಕನಕಾಂಬರ, ಕರಿಬೇವು, ನುಗ್ಗೆ, ಒಂದು ನಿಂಬೆಗಿಡ — ಎಲ್ಲ ಅವನೇ ನೆಟ್ಟಿದ್ದು. ಅವ್ವ ಹಟ್ಟಿ ಬಿಟ್ಟು ಬರುವಾಗ ಮಂದೆಯನ್ನೆಲ್ಲ ಮಾರಿ ಒಂದೇ ಒಂದು ಕುರಿಯನ್ನು ಉಳಿಸಿಕೊಂಡು ಬಂದಿದ್ದಳು. ಮೈಯೆಲ್ಲ ಕೆಂಚು ಬಣ್ಣ, ಹೆಸರೂ ಕೆಂಚಿ. ಗಿಡಗಳ ನಡುವೆ ಎದ್ದ ಹುಲ್ಲನ್ನೆಲ್ಲ ಕೆಂಚಿಯೇ ಮೇಯುತ್ತಿತ್ತು.

ಡ್ಯಾಮು ಕೋಡಿ ಬಿದ್ದ ಮೇಲೆ ಆ ಕಡೆ ನೆಲ ಒಣಗಲೇ ಇಲ್ಲ. ಕಾಲುವೆಯ ಜವುಳು ಹಿತ್ತಿಲವರೆಗೂ ಬಂತು. ಒಂದು ಕುರಿಯ ಬಾಯಿಗೆ ಮೀರಿ ಹುಲ್ಲು ಬೆಳೆಯಿತು. ಅಂಥ ಒಂದು ಸಂಜೆ ಕೆಂಚಿ ಗೂಟದಿಂದ ಬಿಚ್ಚಿಕೊಂಡು ನಿಂಬೆಗಿಡದ ಕಡೆ ಹೋಗಿತ್ತು. ಗಂಗಕ್ಕ ಮಗನಿಗೆ ಹೇಳಿದಳು, "ಹೋಗಪ್ಪ, ಹಿಡ್ಕಂಡು ಬಾ." ಅವನು ಹವಾಯಿ ಚಪ್ಪಲಿಯಲ್ಲೇ ಹೋದ. ಕಾಲಿಗೆ ಏನೋ ಚುಚ್ಚಿತು. ಬೇಲಿಯ ಜಾಲಿ ಮುಳ್ಳಿರಬೇಕು ಎಂದುಕೊಂಡ. ಕುರಿಯನ್ನು ಕಟ್ಟಿ, ಕಾಲು ತೊಳೆದುಕೊಂಡು, ಟೀವಿ ಮುಂದೆ ಕುಳಿತ. ಪಾದ ಊದಿಕೊಂಡು ಒಸಡಿನಲ್ಲಿ ರಕ್ತ ಕಂಡ ಮೇಲೆಯೇ ಅದು ಮುಳ್ಳಲ್ಲ ಎಂದು ಗೊತ್ತಾಗಿದ್ದು. ಕೊಳಕುಮಂಡಲ ಹಾವು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಒಯ್ದರು. ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು. ಕಿಡ್ನಿ ಕೈಕೊಟ್ಟಿತು. ನೇತ್ರಾವತಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತೇ ಇದ್ದಳು, ಒಬ್ಬ ನರ್ಸು ಬಂದು "ಒಳಗೆ ಬನ್ನಿ" ಎನ್ನುವವರೆಗೆ.

ತಿಥಿ ಮುಗಿದ ಮೇಲೆ ನೇತ್ರಾವತಿಯ ತಮ್ಮ ಹನುಮೇಶ್ ಕೆಂಚಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಾಗೂರಿಗೆ ಒಯ್ದ. ಗಂಗಕ್ಕ ಹೊರಗೆ ಬಂದು ನೋಡಲಿಲ್ಲ. ಆಮೇಲೆ ಹುಲ್ಲಿಗೆ ಹೇಳುವವರು ಕೇಳುವವರು ಇರಲಿಲ್ಲ. ಕೂಲಿಗೆ ಕರೆದ ಆಳುಗಳು ಗೇಟಿನವರೆಗೆ ಬಂದು, "ಇದೇ ಅಲ್ವೇನ್ರಿ ಆ ಮನೆ?" ಎಂದು ಕೇಳಿ ತಿರುಗಿ ಹೋದರು. ಹಾವಾಡಿಗನೊಬ್ಬ ಬಂದು ನೋಡಿ, ಏನೂ ಇಲ್ಲ ಎಂದು ಹೇಳಿ ಹೋದ. ಹುಲ್ಲು ಮೊಣಕಾಲಿಗೆ ಬಂತು.

ಟ್ರಿಪ್ಪು ರದ್ದಾದ ಆ ಸಂಜೆ ಗಂಗಕ್ಕ ಒಳಗೆ ಬಂದಾಗ ಸೊಸೆ ಮನೆಯಲ್ಲಿರುವುದನ್ನು ಕಂಡು ಒಂದು ಕ್ಷಣ ನಿಂತಳು. "ಇವತ್ತೇನು ಬೇಗ?" ಎಂದಳು. "ಟ್ರಿಪ್ಪು ಕ್ಯಾನ್ಸಲ್ ಆತು," ಎಂದಳು ನೇತ್ರಾವತಿ. ಅತ್ತೆಯ ಪಾದಗಳಿಗೆ ಹುಲ್ಲಿನ ಬೀಜಗಳು ಅಂಟಿಕೊಂಡಿದ್ದವು. ಗಂಗಕ್ಕ ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದು ಮೊಮ್ಮಗಳಿಗೆ ಮುದ್ದೆ ಮುರಿದು ಕೊಟ್ಟಳು.

ಮರುದಿನ ಬೆಳಿಗ್ಗೆ ನೇತ್ರಾವತಿ ತಮ್ಮನಿಗೆ ಫೋನು ಮಾಡಿದಳು. ಅತ್ತೆಯ ವಿಷಯ ಹೇಳಲು ಬಾಯಿ ಬರಲಿಲ್ಲ. ಹುಲ್ಲಿನ ವಿಷಯ ಮಾತ್ರ ಹೇಳಿದಳು.

"ಕಳೆ ಔಷಧಿ ಹೊಡಿ ಅಕ್ಕ," ಎಂದ ಹನುಮೇಶ್. "ಎಲ್ಡು ಕ್ಯಾನು ಹೊಡದ್ರೆ ಎಲ್ಲ ಸುಟ್ಟೋಗುತ್ತೆ."

"ಕಾಕಡ ಗಿಡಾನೂ ಸುಡ್ತಾವೆ."

"ಸುಟ್ರೆ ಸುಡ್ಲಿ ಬಿಡು. ಆ ಮನೇನೇ ಮಾರಿ ಬಾ ಅಂತ ಹೇಳಿದ್ದಲ್ವಾ ನಾನು? ಅತ್ತೇನೂ ಕರ್ಕಂಡು ಬಾ. ಹಟ್ಟೀಲಿ ಯಾರಾದ್ರೂ ಜೊತೆಗಿರ್ತಾರೆ."

"ಅಂಜಲಿ ಸ್ಕೂಲು?"

"ಬಾಗೂರಾಗೆ ಸ್ಕೂಲಿಲ್ವಾ?"

ನೇತ್ರಾವತಿ "ನೋಡಾಣ" ಎಂದು ಫೋನಿಟ್ಟಳು. ಮನೆ ಮಾರುವ ಯೋಚನೆ ಅವಳಿಗೂ ಬಂದುಹೋಗಿತ್ತು. ಆದರೆ ಮನೆ ಬಿಟ್ಟರೆ ಗಂಗಕ್ಕನ ಸಂಕಟ ಬಿಡುತ್ತದೆಯೇ? ಹಟ್ಟಿಯ ಸುತ್ತಲೂ ಹುಲ್ಲು ಇದೆ, ಪೊದೆ ಇದೆ, ಹೊತ್ತು ಅಲ್ಲಿಯೂ ಮುಳುಗುತ್ತದೆ. ಇಲ್ಲಾದರೆ ಕಣ್ಣೆದುರಿಗೆ ಇರುತ್ತಾಳೆ. ಹುಲ್ಲಿಲ್ಲದ ಹಿತ್ತಿಲಲ್ಲಿ ನಡೆದರೆ ನಡೆಯಲಿ.

ಅವಳ ಜೊತೆ ಕೆಲಸ ಮಾಡುವ ಡ್ರೈವರ್ ಒಬ್ಬ, ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆ ಕಡೆ ಒಂದು ಅಂಗಡಿ ಇದೆ, ಹುಲ್ಲು ಕೊಯ್ಯುವ ಮಿಷಿನ್ನು ತರಾವರಿ ಸಿಗುತ್ತವೆ, ಅಂಗಡಿಯ ಏಕಾಂತಪ್ಪ ಮಾರಬೇಕು ಅಂತ ಸುಳ್ಳು ಹೇಳುವ ಮನುಷ್ಯನಲ್ಲ ಎಂದ. ವಾರದ ರಜೆಯ ದಿನ ಅಂಜಲಿಯನ್ನು ಶಾಲೆಗೆ ಬಿಟ್ಟು ಬಂದು ನೇತ್ರಾವತಿ ಅತ್ತೆಗೆ ಹೇಳಿದಳು, "ದುರ್ಗಕ್ಕೆ ಹೋಗಾಣ, ಬಾ ಅತ್ತೆ. ಹುಲ್ಲು ಕೊಯ್ಯೋ ಮಿಷಿನ್ನು ತರಬೇಕು."

ಗಂಗಕ್ಕ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣು ತೆಗೆಯಲಿಲ್ಲ. "ನಾನ್ಯಾಕೆ? ನೀನೇ ಹೋಗಿ ಬಾ."

"ಒಬ್ಳಿಗೆ ಹೊತ್ಕಂಡು ಬರಕೆ ಆಗಲ್ಲ. ಬಾ."

ನಿಜವೆಂದರೆ ಅತ್ತೆಯೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಗಂಗಕ್ಕ ಎದ್ದು ಸೀರೆ ಬದಲಾಯಿಸಿದಳು.

ಅಂಗಡಿಯ ಮುಂದೆ ಪವರ್ ಸ್ಪ್ರೇಯರುಗಳು, ಮೋಟರುಗಳು, ಪೈಪಿನ ಸುರುಳಿಗಳು. ಗೋಡೆಗೆ ಉದ್ದ ಕೋಲಿನಂಥ ಮಿಷಿನ್ನುಗಳನ್ನು ಸಾಲಾಗಿ ತೂಗುಹಾಕಿದ್ದರು. ಏಕಾಂತಪ್ಪ ಐವತ್ತು ದಾಟಿದವರು, ಹಣೆಗೆ ವಿಭೂತಿ, ಕೈಯೆಲ್ಲ ಗ್ರೀಸು. "ಬರ್ರಿ, ಕುಂತ್ಕಳ್ರಿ," ಎಂದು ಗಂಗಕ್ಕನಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದು ಕೊಟ್ಟರು.

"ಹೊಲಕ್ಕೋ, ತೋಟಕ್ಕೋ?"

"ಮನೆ ಹಿತ್ತಿಲಿಗೆ," ಎಂದಳು ನೇತ್ರಾವತಿ.

"ಹೊಡೆಯೋರು ಯಾರು?"

"ನಾನೇ."

ಏಕಾಂತಪ್ಪ ಅವಳನ್ನು ಒಮ್ಮೆ ನೋಡಿ ಗೋಡೆಯಿಂದ ಒಂದು ಪೆಟ್ರೋಲ್ ಮಿಷಿನ್ನನ್ನು ಇಳಿಸಿದರು. ಹೆಗಲಿಗೆ ಪಟ್ಟಿ ಹಾಕಿ ಅವಳ ಬೆನ್ನಿಗೆ ಕಟ್ಟಿದರು. ಹಗ್ಗ ಎಳೆದಾಗ ಮಿಷಿನ್ನು ಕೆಮ್ಮಿ, ಹೊಗೆ ಉಗುಳಿ, ಇಡೀ ಅಂಗಡಿ ನಡುಗುವಂತೆ ಅರಚಿತು. ನೇತ್ರಾವತಿಯ ಮುಂಗೈ ಜೋಮು ಹಿಡಿಯಿತು. ಅವಳು ಆರಿಸಲು ಸನ್ನೆ ಮಾಡಿದಳು.

"ಇದಕ್ಕೆ ಗರಗಸದ ಚಕ್ರ ಹಾಕಿದ್ರೆ ಜಾಲಿ ಪೊದೇನೂ ಕೊಯ್ಯುತ್ತೆ," ಎಂದರು ಏಕಾಂತಪ್ಪ. "ಆದ್ರೆ ನಿಮ್ಗೆ ಭಾರ. ಮತ್ತೆ ಗಿಡಗಳ ನಡುವೆ ಚಕ್ರ ಬ್ಯಾಡ. ಕಲ್ಲಿಗೆ ಬಡಿದು ಚಿಮ್ಮಿದ್ರೆ ಕಣ್ಣಿಗೇ ಬರುತ್ತೆ. ಮನೇಲಿ ಮಕ್ಕಳವ್ರೇನು?"

"ಒಬ್ಳು ಮಗಳು."

"ಹಂಗಾದ್ರೆ ದಾರದ್ದು ತಗಳ್ರಿ." ಒಂದು ತೆಳ್ಳನೆಯ ಮಿಷಿನ್ನಿನ ತುದಿಯ ಬಿಲ್ಲೆಯಿಂದ ಹೊರಗೆ ಚಾಚಿದ್ದ ನೈಲಾನ್ ದಾರವನ್ನು ತೋರಿಸಿದರು. "ಈ ದಾರ ತಿರುಗಿ ಹುಲ್ಲು ಹೊಡೆಯುತ್ತೆ. ಕರೆಂಟಿನದೂ ಐತೆ, ಆದ್ರೆ ವೈರು ಎಳ್ಕಂಡು ತಿರುಗಬೇಕು, ನೀವೇ ವೈರು ಕೊಯ್ದುಬಿಟ್ರೆ ಕಷ್ಟ. ಇದು ಬ್ಯಾಟ್ರಿದು. ಫೋನಿನಂಗೆ ಚಾರ್ಜಿಗೆ ಇಟ್ರಾಯ್ತು."

ನೇತ್ರಾವತಿ ಎತ್ತಿ ನೋಡಿದಳು. ತುಂಬಿದ ಕೊಡಕ್ಕಿಂತ ಹಗುರ. ಗುಂಡಿ ಒತ್ತಿದರೆ ಜೀರುಂಡೆಯ ಸದ್ದು.

"ಮೊಣಕಾಲುದ್ದ ಹುಲ್ಲಿಗೆ ಇದು ತಡೆಯುತ್ತಾ?"

"ಅಷ್ಟುದ್ದ ಯಾಕೆ ಬಿಟ್ರಿ?" ಎಂದರು ಏಕಾಂತಪ್ಪ, ಸಹಜವಾಗಿ.

ನೇತ್ರಾವತಿ ದಾರದ ತುದಿಯನ್ನು ಬೆರಳಿಂದ ಎಳೆದು ನೋಡಿದಳು. ಏಕಾಂತಪ್ಪ ಮತ್ತೆ ಕೇಳಲಿಲ್ಲ. "ಒಂದೇ ಸಲಕ್ಕೆ ಬುಡಕ್ಕೆ ಹಾಕಬ್ಯಾಡ್ರಿ. ಮೊದ್ಲು ಮೇಲಿನರ್ಧ ಹೊಡೀರಿ, ಆಮ್ಯಾಲೆ ಕೆಳಗಿಂದು. ನಿಧಾನ ಆಗುತ್ತೆ. ಆದ್ರೆ ಆಗುತ್ತೆ," ಎಂದರು.

ಅಷ್ಟರವರೆಗೆ ಕುರ್ಚಿಯ ತುದಿಯಲ್ಲಿ ಸುಮ್ಮನೆ ಕುಳಿತಿದ್ದ ಗಂಗಕ್ಕ ಕೇಳಿದಳು, "ಇದ್ರ ಸದ್ದಿಗೆ ಹುಳ ಓಡೋಗುತ್ತಾ?"

ಹುಳ ಎಂದರೆ ಹಾವೆಂದು ಏಕಾಂತಪ್ಪನಿಗೆ ಬಿಡಿಸಿ ಹೇಳಬೇಕಿರಲಿಲ್ಲ. "ಸದ್ದಿಗಲ್ಲ ತಾಯಿ, ನೆಲ ಅದುರೋದಕ್ಕೆ ಸರಿದು ಹೋಗ್ತಾವೆ ಅಂತಾರೆ. ಆದ್ರೆ ನಂಬ್ಕಂಡು ಕೂರಬಾರ್ದು. ಕೊಳಕುಮಂಡಲ ಜಾಗ ಬಿಟ್ಟು ಕದಲಲ್ಲ. ಹುಲ್ಲು ಗಿಡ್ಡಕೆ ಇದ್ರೆ ಕಣ್ಣಿಗೆ ಕಾಣುತ್ತೆ, ಅಷ್ಟೇ. ಗಮ್‌ಬೂಟು ಇಲ್ದೆ ಮಾತ್ರ ಯಾರೂ ಇಳೀಬಾರ್ದು."

"ಗಿಡ್ಡಕೆ ಇದ್ದಿದ್ರೆ ಕಾಣ್ತಿತ್ತು," ಎಂದಳು ಗಂಗಕ್ಕ.

"ಹೌದು ತಾಯಿ."

"ನನ್ ಮಗ ಇದೇ ಮಿಷಿನ್ನು ತರ್ತೀನಿ ಅಂದಿದ್ದ." ಗಂಗಕ್ಕ ಏಕಾಂತಪ್ಪನನ್ನೇ ನೋಡಿ ಮಾತಾಡುತ್ತಿದ್ದಳು, ಸೊಸೆ ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂತೆ. "ಹಬ್ಬಕ್ಕೆ ಮುಂಚೆ ತರ್ತೀನವ್ವ, ಹುಲ್ಲು ಜಾಸ್ತಿ ಆಗೈತೆ ಅಂದ. ಕೆಂಚಿ ಇರುವಾಗ ಅದ್ಯಾಕಪ್ಪ, ಅದು ಮೇಯಕೆ ಏನು ಬಿಡ್ತೀಯ ಅಂತ ನಾನೇ ಬೇಡ ಅಂದೆ. ಅವನು ನಕ್ಕಂಡು ಸುಮ್ನಾದ. ಎದುರು ಮಾತಾಡ್ದೋನೇ ಅಲ್ಲ."

ಏಕಾಂತಪ್ಪ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. ನೇತ್ರಾವತಿಯ ಕೈಯಲ್ಲಿ ಮಿಷಿನ್ನು ಇನ್ನೂ ಹಾಗೇ ಇತ್ತು. ಗೋವರ್ಧನ ಈ ಮಾತನ್ನು ಅವಳಿಗೆ ಹೇಳಿರಲಿಲ್ಲ. ಇಷ್ಟು ದಿನ ಅತ್ತೆಯ ಎದೆಯ ಮೇಲೆ ಒಂದು ಕಲ್ಲಿದೆ ಎಂದುಕೊಂಡಿದ್ದಳು, ಕುರಿ ಹಿಡಿಯಲು ಕಳಿಸಿದ್ದು. ಅದರ ಕೆಳಗೆ ಇನ್ನೊಂದಿತ್ತು. ಒಂದು ಗಳಿಗೆ ಅವಳಿಗೆ ಗಂಗಕ್ಕನ ಮೇಲೆ ಎಂಥ ಸಿಟ್ಟು ಬಂತೆಂದರೆ ಅಲ್ಲಿಂದ ಹೊರಟು ಬೀದಿಗೆ ನಡೆದುಬಿಡಬೇಕು ಅನ್ನಿಸಿತು. ಹಬ್ಬಕ್ಕೆ ಮುಂಚೆ ಬಂದಿದ್ದರೆ. ಒಂದು ಕುರಿಯ ಮೇವಿಗೆ. ಆ ಸಿಟ್ಟು ಇಳಿಯುವವರೆಗೆ ಅವಳು ಗೋಡೆಗೆ ತೂಗುಹಾಕಿದ್ದ ಮಿಷಿನ್ನುಗಳ ಕಡೆ ಮುಖ ಮಾಡಿ ನಿಂತಳು.

"ಇದನ್ನೇ ಪ್ಯಾಕ್ ಮಾಡ್ರಿ," ಎಂದಳು ಕೊನೆಗೆ. "ಬೂಟೂ ಕೊಡ್ರಿ."

ವಾಪಸ್ ಬಸ್ಸಿನಲ್ಲಿ ಉದ್ದನೆಯ ಡಬ್ಬಿಯನ್ನು ಇಬ್ಬರ ತೊಡೆಯ ಮೇಲೂ ಅಡ್ಡ ಇಟ್ಟುಕೊಂಡು ಕುಳಿತರು. ಐಮಂಗಲದಲ್ಲಿ ಹತ್ತಿದ ಹೆಂಗಸೊಬ್ಬಳು ಮುಂದಿನ ಸೀಟಿನಿಂದ ತಿರುಗಿ, "ಏನವ್ವ ಅದು ಅಷ್ಟುದ್ದ?" ಎಂದು ಕೇಳಿದಳು.

"ಹುಲ್ಲು ಕೊಯ್ಯೋ ಮಿಷಿನ್ನು," ಎಂದಳು ನೇತ್ರಾವತಿ.

"ಅಯ್ಯ, ಹುಲ್ಲು ಕೊಯ್ಯಕೂ ಮಿಷಿನ್ನಾ? ಮನೇಲಿ ಒಂದು ಕುರೀನೂ ಇಲ್ವಾ?"

"ಇಲ್ಲ," ಎಂದಳು ಗಂಗಕ್ಕ. ಆಮೇಲೆ ಹಿರಿಯೂರು ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಭಾನುವಾರ ಬೆಳಿಗ್ಗೆ ನೇತ್ರಾವತಿ ಡ್ಯೂಟಿ ಬದಲಾಯಿಸಿಕೊಂಡು ಮನೆಯಲ್ಲೇ ಉಳಿದಳು. ಗೋವರ್ಧನನ ಹಳೆಯ ಪ್ಯಾಂಟನ್ನು ಹಾಕಿ, ಸೊಂಟಕ್ಕೆ ದಾರ ಕಟ್ಟಿ, ಬೂಟು ಏರಿಸಿಕೊಂಡಳು. ಅಂಜಲಿಯನ್ನು ಒಳಗೆ ಕಿಟಕಿಯ ಹತ್ತಿರ ನಿಲ್ಲಿಸಿದಳು. ಗಂಗಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತಳು. ನೇತ್ರಾವತಿ ಮೊದಲು ಉದ್ದ ಗಳವೊಂದನ್ನು ತಗೊಂಡು ಹುಲ್ಲನ್ನು ಬಡಿದು ಬಡಿದು ಸದ್ದು ಮಾಡಿದಳು. ಆಮೇಲೆ ಗುಂಡಿ ಒತ್ತಿದಳು.

ಮೊದಮೊದಲು ಹುಲ್ಲು ಬಿಲ್ಲೆಗೆ ಸುತ್ತಿಕೊಂಡು ಮಿಷಿನ್ನು ನಿಂತು ನಿಂತು ಹೋಗುತ್ತಿತ್ತು. ಕೂತು ಬಿಡಿಸಬೇಕು, ಮತ್ತೆ ಏಳಬೇಕು. ಬರಬರುತ್ತಾ ಕೈ ಪಳಗಿತು. ತೆನೆಗಳು ಹಾರಿ ಅವಳ ಮುಖಕ್ಕೆ, ಕೂದಲಿಗೆ ಅಂಟಿದವು. ಹಸಿ ಹುಲ್ಲಿನ ವಾಸನೆ ಹಿತ್ತಿಲ ತುಂಬ ಹರಡಿತು. ಕನಕಾಂಬರದ ಗಿಡಗಳು ಒಂದೊಂದಾಗಿ ಹೊರಗೆ ಬಂದವು, ಹಳದಿಯಾಗಿ, ಬೆಳಕಿಲ್ಲದೆ ಉದ್ದುದ್ದ ಎಳೆದುಕೊಂಡು. ಕಾಕಡದ ಬುಡದಲ್ಲಿ ಗೋವರ್ಧನ ಇಟ್ಟಿದ್ದ ಕಲ್ಲುಗಳು ಕಂಡವು. ಕೆಂಚಿಯ ಗೂಟ ಕಂಡಿತು. ನೇತ್ರಾವತಿ ಅದನ್ನು ಕಿತ್ತು ಕಾಂಪೌಂಡಿನ ಮೂಲೆಗೆ ಎಸೆದಳು. ಹಾವು ಎಲ್ಲೂ ಕಾಣಲಿಲ್ಲ. ಒಂದೆರಡು ಇಲಿಗಳು ಹೊರಬಿದ್ದು ಓಡಿದವು, ಅಷ್ಟೇ.

ನಿಂಬೆಗಿಡದ ಸುತ್ತಲಿನ ಜಾಗವೊಂದು ಉಳಿದಿರುವಾಗ ಬ್ಯಾಟರಿ ಮುಗಿಯಿತು. ಅದನ್ನು ಚಾರ್ಜಿಗಿಟ್ಟು ಸ್ನಾನ ಮಾಡಿ, ಊಟ ಮಾಡಿ, ಸುಸ್ತಾಗಿ ಚಾಪೆಯ ಮೇಲೆ ಮಲಗಿದವಳಿಗೆ ನಿದ್ದೆ ಬಂದುಬಿಟ್ಟಿತು. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಕೆಂಪಾಗಿತ್ತು. ಅಂಜಲಿ ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದಳು. ಅತ್ತೆ ಇರಲಿಲ್ಲ.

ನೇತ್ರಾವತಿ ಓಡಿದಳು. ಗಂಗಕ್ಕ ಉಳಿದ ಆ ಹುಲ್ಲಿನ ನಡುವೆ, ನಿಂಬೆಗಿಡದ ಹತ್ತಿರ, ಬರಿಗಾಲಲ್ಲಿ ನಿಂತಿದ್ದಳು. ಸುತ್ತಲೂ ಕೊಯ್ದ ಬಯಲು.

"ಅತ್ತೆ, ಹೊರಗೆ ಬಾ."

"ಇಷ್ಟು ಬಿಡು ನೇತ್ರಾ," ಎಂದಳು ಗಂಗಕ್ಕ. "ಎಲ್ಲಾ ಕೊಯ್ದೆಯಲ್ಲ. ಇಷ್ಟೊಂದು ಬಿಡು."

"ಯಾಕೆ ಬಿಡ್ಬೇಕು?"

"ನನಗೆ ಬೇಕು."

"ಯಾಕೆ ಬೇಕು ಅಂತ ನನಗೆ ಗೊತ್ತಿಲ್ಲ ಅಂದ್ಕಂಡಿದ್ದೀಯ?" ನೇತ್ರಾವತಿಯ ದನಿ ಒಡೆಯಿತು. "ದಿನಾ ಇದೇ ಹೊತ್ತಿಗೆ, ಚಪ್ಪಲಿ ಬಿಟ್ಟು, ಮಗೂನ ಒಳಗೆ ಹಾಕಿ ಬಂದು ನಿಂತ್ಕಂತೀಯಲ್ಲ. ನಾನು ನೋಡಿದೀನಿ."

ಗಂಗಕ್ಕ ತಲೆ ಎತ್ತಲಿಲ್ಲ. ಸುಳ್ಳೂ ಹೇಳಲಿಲ್ಲ. "ನಾನೇ ಕಳಿಸಿದ್ದು ಕಣೇ ಅವನ್ನ," ಎಂದಳು.

ಇದಕ್ಕೆ ಎಲ್ಲರೂ ಹೇಳುತ್ತಿದ್ದ ಉತ್ತರ ನೇತ್ರಾವತಿಗೂ ಗೊತ್ತಿತ್ತು. ನಿನ್ನ ತಪ್ಪೇನಿಲ್ಲ, ಹಣೇಲಿ ಬರೆದಿತ್ತು, ಹೋಗಲಿ ಬಿಡು. ಬಂದವರೆಲ್ಲ ಹೇಳಿ ಹೋಗಿದ್ದರು. ಅವಳು ಅದನ್ನು ಹೇಳಲಿಲ್ಲ.

"ಹೂಂ, ನೀನೇ ಕಳಿಸಿದ್ದು," ಎಂದಳು. "ಮಿಷಿನ್ನು ಬ್ಯಾಡ ಅಂದಿದ್ದೂ ನೀನೇ. ಅವತ್ತು ಅಂಗಡೀಲಿ ಕೇಳಿ ನನಗೆ ನಿನ್ನ ಮ್ಯಾಲೆ ಕೆಟ್ಟ ಸಿಟ್ಟು ಬಂತು. ಇವತ್ತೂ ಐತೆ. ಬೆಳಿಗ್ಗೆಯಿಂದ ಹುಲ್ಲು ಹೊಡೀತಾ ಅದೇ ಸಿಟ್ಟಲ್ಲಿ ಹೊಡೆದೆ. ಇರ್ಲಿ. ಸಿಟ್ಟು ನನ್ನದು, ನಾನು ಇಟ್ಕಂತೀನಿ. ಆದ್ರೆ ಅತ್ತೆ, ಒಂದ್ಸಲ ಆ ಆಸ್ಪತ್ರೆ ಬೆಂಚಿನ ಮ್ಯಾಲೆ ಕುಂತು ಬಂದಿದೀನಿ. ಒಂದ್ಸಲ ಬಂದು ಅಂಜಲಿಗೆ ಹೇಳಿದೀನಿ. ಇನ್ನೊಂದ್ಸಲ ಹೇಳಕೆ ನನ್ ಕೈಲಿ ಆಗಲ್ಲ. ಅಪ್ಪ ಮುಳ್ಳು ಅಂದ್ಕಂಡ ಅಂತ ಹೇಳ್ದೆ. ಅಜ್ಜಿ ಏನಂದ್ಕಂಡ್ಳು ಅಂತ ಹೇಳ್ಲಿ?"

ಗಂಗಕ್ಕನ ಮುಖ ಕದಡಿತು. ತಿರುಗಿ ಮನೆಯ ಕಡೆ ನೋಡಿದಳು. ಕಿಟಕಿಯ ಸರಳುಗಳ ಹಿಂದೆ ಅಂಜಲಿ ನಿಂತಿದ್ದಳು. ಮಗು ಎಷ್ಟು ಕೇಳಿಸಿಕೊಂಡಿತೋ, ಎಷ್ಟು ಅರ್ಥ ಮಾಡಿಕೊಂಡಿತೋ.

ರಸ್ತೆಯಲ್ಲಿ ಡ್ಯಾಮು ನೋಡಿ ಬರುವವರ ಕಾರುಗಳು ಹಾರನ್ನು ಹೊಡೆಯುತ್ತ ಹೋದವು.

"ತಾ," ಎಂದಳು ಗಂಗಕ್ಕ ಕೊನೆಗೆ. "ನನ್ ಕೈಗೆ ಕೊಡು ಅದನ್ನ. ಇಷ್ಟನ್ನ ನಾನೇ ಕೊಯ್ತೀನಿ."

ನೇತ್ರಾವತಿ ಒಳಗೆ ಹೋಗಿ ಮಿಷಿನ್ನಿಗೆ ಬ್ಯಾಟರಿ ಸಿಕ್ಕಿಸಿ ತಂದಳು. ಬೂಟುಗಳನ್ನೂ ತಂದಳು. ಗಂಗಕ್ಕ ಹುಲ್ಲಿನಿಂದ ಹೊರಗೆ ಬಂದು, ಕೊಯ್ದ ನೆಲದ ಮೇಲೆ ನಿಂತಳು. ನೇತ್ರಾವತಿ ಬಗ್ಗಿ ಕುಳಿತು ಅತ್ತೆಯ ಒಂದೊಂದೇ ಪಾದವನ್ನು ಎತ್ತಿ, ಅಂಗಾಲಿನ ಮಣ್ಣು ಒರೆಸಿ, ಬೂಟಿನೊಳಗೆ ತೂರಿಸಿದಳು. ಕುರಿಯ ಹಿಂದೆ ಜೀವಮಾನವೆಲ್ಲ ನಡೆದ ಪಾದಗಳು, ಹಿಮ್ಮಡಿ ಒಡೆದು ಕಲ್ಲಿನಂತಾಗಿದ್ದವು. ಬೂಟು ದೊಡ್ಡದಾಯಿತು. ಗಂಗಕ್ಕ ಸೊಸೆಯ ಹೆಗಲು ಹಿಡಿದುಕೊಂಡು ನಿಂತಿದ್ದಳು.

"ಇಲ್ಲಿ ಒತ್ತು. ಬಿಟ್ರೆ ನಿಲ್ಲುತ್ತೆ. ಮೊದ್ಲು ಮೇಲಿಂದು."

ಗಂಗಕ್ಕ ಗುಂಡಿ ಒತ್ತಿದಳು. ಮೊದಲ ಸಲಕ್ಕೆ ಹೆದರಿ ಬಿಟ್ಟಳು. ಮತ್ತೆ ಒತ್ತಿದಳು. ಕುಡುಗೋಲು ಹಿಡಿದ ಅಭ್ಯಾಸಕ್ಕೆ ಬಲದಿಂದ ಎಡಕ್ಕೆ ಬೀಸುತ್ತಾ ಒಂದು ಹೆಜ್ಜೆ ಮುಂದಿಟ್ಟಳು. ಹುಲ್ಲು ಅಡ್ಡಡ್ಡ ಬಿತ್ತು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದಳು. ನೇತ್ರಾವತಿ ಗಳ ಹಿಡಿದು ಅವಳ ಪಕ್ಕದಲ್ಲೇ ಹೆಜ್ಜೆ ಹಾಕಿದಳು, ಕಣ್ಣು ನೆಲದ ಮೇಲಿಟ್ಟು.

ಕೊನೆಯ ಹುಲ್ಲೂ ಬಿದ್ದ ಮೇಲೆ ಗಂಗಕ್ಕ ನಿಲ್ಲಿಸಲಿಲ್ಲ. ನಿಂಬೆಗಿಡದ ಈ ಪಕ್ಕದ ಒಂದು ಜಾಗದಲ್ಲಿ ಮತ್ತೆ ಮತ್ತೆ ಆಡಿಸಿದಳು. ಹುಲ್ಲಿನ ಕೂಳೆ ಪುಡಿಯಾಗಿ, ಕೆಂಪು ಮಣ್ಣು ಎದ್ದು, ಸೀರೆಗೆಲ್ಲ ಚಿಮ್ಮಿತು. ದಾರ ನೆಲಕ್ಕೆ ಬಡಿದು ಸವೆಯುತ್ತಿತ್ತು. ನೇತ್ರಾವತಿ ತಡೆಯಲಿಲ್ಲ. ಮಿಷಿನ್ನು ಹಾಳಾದರೆ ಆಗಲಿ ಅಂದುಕೊಂಡಳು.

ಆಮೇಲೆ ಗಂಗಕ್ಕನ ಬೆರಳು ತಾನಾಗಿ ಸಡಿಲಾಯಿತು. ಸದ್ದು ನಿಂತಿತು. ಮಿಷಿನ್ನನ್ನು ಕೆಳಗಿಟ್ಟು ಬರಿಯ ನೆಲವನ್ನು ನೋಡಿದಳು. ಒಂದು ಇರುವೆಯ ಸಾಲು, ಒಣಗಿದ ಎರಡು ನಿಂಬೆಕಾಯಿ.

"ಇಲ್ಲೇನೂ ಇಲ್ಲ ಕಣೇ," ಎಂದಳು.

ನೇತ್ರಾವತಿ ಗಳವನ್ನು ಕೆಳಗೆ ಹಾಕಿದಳು.

"ಏನೂ ಇಲ್ಲ ಇಲ್ಲಿ," ಎಂದು ಗಂಗಕ್ಕ ಮತ್ತೆ ಹೇಳಿ ಅಲ್ಲೇ ಕುಸಿದು ಕುಳಿತಳು. ಮಗ ಸತ್ತಾಗ ಹಟ್ಟಿಯವರೆಲ್ಲ ಬಂದು ಅತ್ತಾಗಲೂ ಕಲ್ಲಿನಂತೆ ಕುಳಿತಿದ್ದವಳು, ಹೆಣ ಎತ್ತುವಾಗಲೂ ಬಾಯಿ ಬಿಡದವಳು, ಈಗ ಬಾಯಿ ತೆರೆದು ಅತ್ತಳು. ದನಿ ಮೊದಲು ಬರಲಿಲ್ಲ. ಬಂದಾಗ ಪಕ್ಕದ ಮನೆಯ ಕೊಟ್ರಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, ನೋಡಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನೇತ್ರಾವತಿ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಅಂಜಲಿ ತಾನಾಗಿಯೇ ಹಿಂಬಾಗಿಲಿನಿಂದ ಹೊರಗೆ ಬಂದು, ಅಜ್ಜಿಯ ಬೆನ್ನಿಗೆ ಒರಗಿ ನಿಂತಳು.

ಆಮೇಲೆ ಗಂಗಕ್ಕ ಸಂಜೆ ಹಿತ್ತಿಲಿಗೆ ಹೋಗುವುದನ್ನು ಬಿಟ್ಟಳು. ಹಾಗಂತ ಗುಣವಾದಳು ಎನ್ನುವಂತಿರಲಿಲ್ಲ. ಊಟ ಅರ್ಧಕ್ಕಿಳಿಯಿತು. ದೀಪ ಹಚ್ಚುವ ಹೊತ್ತಿಗೆ ಕೈಯಲ್ಲಿ ಯಾವ ಕೆಲಸವಿದ್ದರೂ ನಿಲ್ಲಿಸಿ, ಹಾಲ್‌ನ ಗೋಡೆಗೆ ಒರಗಿ ಕುಳಿತುಬಿಡುತ್ತಿದ್ದಳು. ಅಂಜಲಿ ಪುಸ್ತಕ ತಂದು ಪಕ್ಕದಲ್ಲಿ ಕೂರುತ್ತಿದ್ದಳು. ನೇತ್ರಾವತಿಯ ಸಿಟ್ಟೂ ಪೂರ್ತಿ ಹೋಗಲಿಲ್ಲ. ಬಸ್ಸಿನಲ್ಲಿ ನಿಂತಾಗ, ಟಿಕೆಟ್ ಹರಿಯುವಾಗ, ಇದ್ದಕ್ಕಿದ್ದಂತೆ ಏರಿ ಬರುತ್ತಿತ್ತು. ರಾಗಿ ಹೊಲಗಳು ಹಿಂದಕ್ಕೆ ಸರಿಯುವಷ್ಟರಲ್ಲಿ ಇಳಿಯುತ್ತಿತ್ತು. ಮನೆಗೆ ಬಂದು ಅತ್ತೆಯ ಮುಖ ನೋಡಿದಾಗ ಉಳಿದಿರುತ್ತಿರಲಿಲ್ಲ, ಅಥವಾ ಉಳಿದರೂ ಅದಕ್ಕೆ ಹೆಸರಿರುತ್ತಿರಲಿಲ್ಲ. ಮನೆ ಮಾರುವ ಮಾತನ್ನು ಹನುಮೇಶ್ ಮತ್ತೆ ಎತ್ತಿದಾಗ, ಬೇಡ ಎಂದವಳು ಗಂಗಕ್ಕನೇ.

ಜವುಳು ನೆಲ. ಹುಲ್ಲು ಸುಮ್ಮನಿರುವುದಿಲ್ಲ. ಎರಡು ಮಳೆ ಬಿದ್ದರೆ ಮತ್ತೆ ಪಾದ ಮುಚ್ಚುತ್ತದೆ. ಆಗ ಯಾರು ಮೊದಲು ನೋಡಿದರೋ ಅವರು ಹೇಳುತ್ತಾರೆ. ಹೋದ ವಾರ ನೇತ್ರಾವತಿ ಡ್ಯೂಟಿಗೆ ಹೊರಟು ಗೇಟು ತೆಗೆಯುತ್ತಿದ್ದಾಗ ಗಂಗಕ್ಕ ಒಳಗಿನಿಂದ ಕೂಗಿದಳು.

"ನೇತ್ರಾ, ಹುಲ್ಲು ಎದ್ದೈತೆ. ಮಿಷಿನ್ನಿಗೆ ದಾರ ತಗಂಡು ಬಾ."

"ತರ್ತೀನಿ ಅತ್ತೆ," ಎಂದು ನೇತ್ರಾವತಿ ರಸ್ತೆಗೆ ಇಳಿದಳು. ಆಟೋ ಬರುವವರೆಗೆ ಅಲ್ಲೇ ನಿಂತು, ಕಣ್ಣೊರೆಸಿಕೊಂಡಳು.